ಓಬಳಯ್ಯ ಕೆತ್ತಿದ ಮುಖ

ಅಮೃತೂರು
ಗುರುವಾರ, 13 ನವೆಂಬರ್ 2025

ನನ್ನ ಪ್ರೇಮಾ,

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದಿದ ಮೇಲೆ ಬಯ್ಯುವೆಯಂತೆ. ಸೋಮವಾರ ತುಮಕೂರಿನ ಗ್ರಾಹಕರ ಆಯೋಗಕ್ಕೆ ಸಾಕ್ಷಿ ಹೇಳಲು ನಾನು ಬರುವುದಿಲ್ಲ ಕಣೇ. ಕೇಸು ವಾಪಸ್ ತೆಗೆದುಕೊಂಡುಬಿಡು.

ನಿನಗೆ ಸಿಟ್ಟು ಬರುತ್ತೆ, ಗೊತ್ತು. ತೋಟದ ಸಮಾಧಿಯ ಮೇಲೆ ಕೂರಿಸಲು ನಿಮ್ಮಪ್ಪನ ಮುಖ ಕೆತ್ತಿಕೊಡು ಅಂತ ಸತ್ಯಮಂಗಲದ ಓಬಳಯ್ಯನಿಗೆ ಫೋಟೋ ಕೊಟ್ಟು, ಇದರಂತೆಯೇ ಇರಬೇಕು ಅಂತ ಬರೆಸಿಕೊಂಡವಳು ನೀನು. ಅವನೋ ಯಾರದೋ ಮುಖ ಮಾಡಿ ತಂದ. ಗುಳಿಬಿದ್ದ ಕೆನ್ನೆ ತುಂಬಿಸಿಬಿಟ್ಟಿದ್ದ, ಸೊಟ್ಟ ಮೂಗು ನೆಟ್ಟಗೆ ಮಾಡಿದ್ದ. ಕೇಳಿದರೆ, ಸತ್ತವರನ್ನು ಚೆನ್ನಾಗಿ ಕಾಣೋ ಹಂಗೆ ಮಾಡೋದೇ ನಮ್ಮ ಪದ್ಧತಿ ಅಂದ. ಅವನ ಪದ್ಧತಿಗಿಷ್ಟು ಬೆಂಕಿ ಹಾಕ! ಮಾರನೇ ದಿನವೇ ವರ್ಷದ ಪೂಜೆ, ನೆಂಟರೆಲ್ಲ ಬಂದಾಗಿತ್ತು. ವಿಧಿಯಿಲ್ಲದೆ ಅದನ್ನೇ ಕೂರಿಸಿದೆವು.

ನೀನು ಹೋದ ವಾರ ಗುಬ್ಬಿ ಸ್ಕೂಲಿನಲ್ಲಿ ರಜೆ ಸಿಗದೆ ಬರಲಿಲ್ಲವಲ್ಲ, ಆವತ್ತು ಲಾಯರ್ ಜಯಪ್ರಕಾಶ್ ಎಲ್ಲ ಬಿಡಿಸಿ ಹೇಳಿದರು. ಓಬಳಯ್ಯ ಮಾತು ತಪ್ಪಿದ ಅಂತ ತೋರಿಸುವುದು ಸುಲಭವಂತೆ. ಕೊಟ್ಟ ದುಡ್ಡು ವಾಪಸ್ ಬರುತ್ತಂತೆ, ಅವನು ಕಲ್ಲು ಕಿತ್ತುಕೊಂಡು ಹೋಗುತ್ತಾನಂತೆ. ಪರಿಹಾರ ಬೇಕೆಂದರೆ ಮಾತ್ರ ನಮಗೆ ನಷ್ಟವಾಗಿದೆ ಅಂತಲೂ ತೋರಿಸಬೇಕಂತೆ. ಕಲ್ಲು ಒಳ್ಳೇದೇ, ಪೂಜೆಯೂ ನಿಂತಿಲ್ಲ ಅಂತ ಆ ಕಡೆಯವರು ವಾದ ಮಾಡುತ್ತಾರಂತೆ. ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿ ಕೇಳಿದರು: "ನಿಮಗೆ ನಿಜವಾಗಿ ಆದ ನಷ್ಟ ಏನಮ್ಮ?"

ನಿದ್ದೆ ಬರುತ್ತಿಲ್ಲ ಅನ್ನಿ, ಊಟ ಸೇರುತ್ತಿಲ್ಲ ಅನ್ನಿ ಅಂತ ಅವರೇ ಹೇಳಿಕೊಟ್ಟರು. ನಿದ್ದೆ ಚೆನ್ನಾಗಿಯೇ ಬರುತ್ತೆ ಪ್ರೇಮಾ. ಮಲಗುವುದಕ್ಕೇ ಭಯ.

ಮೊದಮೊದಲು ತೋಟಕ್ಕೆ ಹೋದಾಗ ಆ ಮುಖಕ್ಕೆ ಟವಲ್ ಹೊದಿಸಿ ನಿಮ್ಮಪ್ಪನ ಹತ್ತಿರ ಮಾತಾಡುತ್ತಿದ್ದೆ. ಮೋಟಾರ್ ಸುಟ್ಟದ್ದು, ಕಾಯಿ ಕೀಳಿಸಿದ್ದು, ನಿನ್ನ ಟ್ರಾನ್ಸ್‌ಫರ್ ವಿಷಯ ಎಲ್ಲ ಒಪ್ಪಿಸುತ್ತಿದ್ದೆ. ಒಂದು ದಿನ ಟವಲ್ ಮರೆತುಹೋದೆ. ಮಾತೇನೂ ನಿಲ್ಲಲಿಲ್ಲ. ಆಮೇಲೆ ಹೊದಿಸುವುದನ್ನೇ ಬಿಟ್ಟೆ. ಈಗ ಆ ಕಲ್ಲನ್ನು ಕಿತ್ತುಕೊಂಡು ಹೋದರೆ ನಾನು ಯಾರ ಮುಖ ನೋಡಿಕೊಂಡು ಮಾತಾಡಲಿ?

ಜೊತೆಗೆ ಈ ಮಂಡಿ ನೋವು ಬೇರೆ. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ತುಮಕೂರಿಗೆ ಓಡಾಡುವುದು ನನ್ನ ಕೈಲಾಗದು. ಇಷ್ಟಕ್ಕೇ ಬುಡು ಅತ್ಲಾಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಹಠಮಾರಿ ಅಮ್ಮ,
ಹನುಮಂತಮ್ಮ

ಸಹಿ ಹಾಕಿ ಎದ್ದಿದ್ದೆ, ಮತ್ತೆ ಕೂತೆ. ಮಂಡಿ ನೋವು ಬರೀ ನೆಪ. ಲಾಯರು ಆವತ್ತು ಅಪ್ಪನ ಫೋಟೋ ಮುಂದಿಟ್ಟು, ಇವರೇ ತಾನೇ ನಿಮ್ಮ ಯಜಮಾನರು ಅಂದರು. ಹೂಂ ಅಂದೆ. ಸುಳ್ಳು ಹೇಳಿದೆ ಕಣೇ. ಫೋಟೋದಲ್ಲಿ ಯಾರೋ ಗುಳಿಕೆನ್ನೆಯ ಗಂಡಸು ನನ್ನನ್ನೇ ನೋಡುತ್ತಿದ್ದ. ಕಣ್ಣು ಮುಚ್ಚಿದರೂ, ಕನಸಿನಲ್ಲೂ, ಮದುವೆ ದಿನ ನೆನೆಸಿಕೊಂಡರೂ ಓಬಳಯ್ಯ ಮಾಡಿದ ಮುಖವೇ ಬರುತ್ತೆ. ಇದು ಅವರ ಮುಖ ಅಲ್ಲ ಅಂತ ಪ್ರಮಾಣ ಮಾಡಿ ಹೇಗೆ ಹೇಳಲಿ? ನೀನು ಅಪ್ಪನ ಅಚ್ಚು ಅಂತ ಊರೆಲ್ಲ ಅನ್ನುತ್ತೆ. ಭಾನುವಾರ ನಿನಗೆ ಊಟ ಬಡಿಸುತ್ತಾ ನಿನ್ನ ಮುಖದಲ್ಲಿ ಅವರನ್ನು ಹುಡುಕಿದೆ. ಸಿಗಲಿಲ್ಲ.