ಇಂಟಿಪನಿ

ಸೋಮವಾರ, ಆಗಸ್ಟ್ ೧೮, ಮಾಗನೂರು

ಎಡ ಭುಜ ಎತ್ತಲಾಗುತ್ತಿಲ್ಲ. ಬಲಗೈ ಉಳಿದಿದೆ, ಬರೆಯುತ್ತೇನೆ.

ಫಿಸಿಕ್ಸ್ ಸರ್ ಈ ವರ್ಷ ತಂದ ನಿಯಮ, ಎರಡು ಸಲ ಹೋಂವರ್ಕ್ ತಪ್ಪಿದರೆ ಮನೆಗೆ ಫೋನು. ಲೆಕ್ಕಗಳನ್ನು ಕಳಿಸುವುದು ವಾಟ್ಸಾಪಿನಲ್ಲಿ. ಮನೆಗಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ. ಅಪ್ಪ ಬರುವ ಹೊತ್ತಿಗೆ ನನ್ನ ಕೈ ಜೋಳದ ಹಿಟ್ಟಿನಲ್ಲಿ. ಹೇಳಿದರೆ ಸರ್ ನೆಪ ಅನ್ನುತ್ತಾರೆ.

ಕಾಲೇಜಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಇವತ್ತು ಸರ್ ಅಪ್ಪನಿಗೆ ಫೋನು ಮಾಡಿ ತೆಲುಗಿನಲ್ಲಿ ಹೇಳಿದರಂತೆ, "ಮೀ ಅಮ್ಮಾಯಿ ಇಂಟಿಪನಿ ಚೇಸ್ತಲೇದು," ನಿಮ್ಮ ಹುಡುಗಿ ಇಂಟಿಪನಿ ಮಾಡುತ್ತಿಲ್ಲ ಎಂದು. ಆ ಭಾಷೆಯಲ್ಲಿ ಹೋಂವರ್ಕಿಗೂ ಇಂಟಿಪನಿ, ಕಸಮುಸುರೆಗೂ ಇಂಟಿಪನಿ. ಅಪ್ಪನಿಗೆ ಗೊತ್ತಿರುವುದು ಎರಡನೆಯದು.

ನಾನು ಮುಸುರೆ ತಿಕ್ಕುತ್ತಲೇ ಇದ್ದೆ. ಅಪ್ಪನ ಬಾರುಕೋಲು ಭುಜದ ಮೇಲೆ ಬಿತ್ತು.

"ನೀ ಮನಿಕೆಲಸ ಮಾಡಂಗಿಲ್ಲಂತ ಕಾಲೇಜಿನೋರು ನನಗ ಫೋನ್ ಮಾಡಿ ಹೇಳ್ಬೇಕೇನು? ನಾಕು ಮಂದ್ಯಾಗ ಮಾನ ಕಳದಿ."

"ಅದು ಓದೋ ಕೆಲಸ, ಅಪ್ಪಾ," ಎಂದೆ. ಮತ್ತೆ ಬಿತ್ತು, ಮತ್ತೆ ಬಿತ್ತು.

"ಬಿಡ್ರೀ, ಹುಡುಗಿ ಸಾಯ್ತೈತಿ," ಎನ್ನುತ್ತಾ ಅವ್ವ ಅಡ್ಡ ಬಂದಳು. ಅವಳ ತುಟಿ ಒಡೆಯಿತು. ಆ ರಕ್ತ ನೋಡಿ ನಾನು ಗೋಡೆಗೆ ಸಿಕ್ಕಿಸಿದ್ದ ಕುಡಗೋಲು ತೆಗೆದುಕೊಂಡು ಅಪ್ಪನ ಎದುರು ನಿಂತೆ. ಎತ್ತಿದ ಕೋಲು ಹಾಗೇ ಕೆಳಗಿಳಿಯಿತು.

ಕಾಲೇಜಿಗೆ ಹೋಗುವ ನಾರಾಯಣಪೇಟೆ ಬಸ್ಸಿನಲ್ಲಿ ಗೆಳತಿ ಹರಿತಾ ತನ್ನ ಫೋನು ನೋಡಿ ಬರೆಸಿದ್ದ ಫಿಸಿಕ್ಸ್ ಲೆಕ್ಕವನ್ನು ಈಗ ಮಾಡಿದೆ. ಒಬ್ಬ ಮನುಷ್ಯ ಎಷ್ಟು ಬಲ ಹಾಕಿದರೂ ಗೋಡೆ ಕದಲದಿದ್ದರೆ ಅವನು ಮಾಡಿದ ಕೆಲಸವೆಷ್ಟು? ಸೊನ್ನೆ.

ಗೋಡೆಯ ಕೈಯಲ್ಲಿ ಕುಡಗೋಲಿದ್ದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಸರ್ ಇನ್ನೂ ಕೊಟ್ಟಿಲ್ಲ.