ಮುದುಕವ್ವನ ಕೊಪ್ಪರಿಗಿ

ಬಸರಿಹಾಳ, ತಾ॥ ಬ್ಯಾಡಗಿ
ಗುರುವಾರ, 19-5-1988

ಪ್ರೀತಿಯ ಮಗಳ ನಲಿನಿ,

ಹೆಂಗದೀಯವ್ವಾ? ಕೂಸು ಹೆಂಗೈತಿ? ಹಾಲು ಸಾಕಾಗತಾವೇನು? ಬಾಣಂತಿ ಆದಾಕಿ ತಲಿಗೆ ಅರಿವಿ ಕಟ್ಟಿಕೊಳ್ಳದ ಅಡ್ಡಾಡಬ್ಯಾಡ, ಧಗಿ ಐತಿ ಅಂತ ತಣ್ಣೀರಾಗ ಕೈ ಹಾಕಬ್ಯಾಡ. ನಿಮ್ಮವ್ವಗ ಇದೆಲ್ಲಾ ಗೊತ್ತಿಲ್ಲಂತಲ್ಲ, ಆದ್ರ ಅತ್ತಿ ಅಂದಮ್ಯಾಲೆ ಒಂದು ಮಾತು ಹೇಳದಿದ್ರ ನನಗ ಉಂಡಿದ್ದು ಅರಗೂದಿಲ್ಲ. ಕೂಸಿನ ಮೂಗು ನಮ್ಮ ಕಡೇದು ಅಂತ ನಿನ್ನ ಗಂಡ ಊರೆಲ್ಲಾ ಹೇಳಿಕೋತ ಹೊಂಟಾನ. ಮೂಗು ನಮ್ಮದ ಇರಲಿ, ಬುದ್ಧಿ ಮಾತ್ರ ನಿಮ್ಮ ಕಡೇದು ಬರಲಿ. ನಾನು ಗಟ್ಟಿ ಅದೀನಿ, ನನ್ನ ಚಿಂತಿ ಮಾಡಬ್ಯಾಡ.

ಊರ ಸುದ್ದಿ ಛಲೋ ಇಲ್ಲ. ನೀನು ಹೆರಿಗಿಗೆ ರಾಣೆಬೆನ್ನೂರಿಗೆ ಹೋದಮ್ಯಾಲೆ ಶುರುವಾದ ವಾಂತಿಭೇದಿ ಇನ್ನೂ ನಿಂತಿಲ್ಲ. ಡಾಕಪ್ಪನ ಹೆಂಡತಿ ಯಾರದೋ ಮದುವ್ಯಾಗ ಉಂಡು ಬಂದಾಕಿ ಸಂಜಿಗೆ ಮಲಗಿದ್ಲು, ಮರುದಿನ ಹೊತ್ತು ಮುಣಗೂದ್ರಾಗ ಹೋಗಿಬಿಟ್ಲು. ಮಕ್ಕಳು ಇನ್ನೂ ಸಣ್ಣವು. ಆಕಿನ್ನ ಜೀಪಿನ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದಾಂವ ನಿನ್ನ ಗಂಡನ, ಅದನ್ನ ನಾನು ಇಲ್ಲನ್ನೂದಿಲ್ಲ. ಡಾಕ್ಟರು ಬಂದು ಕೆರಿ ನೀರು ಕೆಟ್ಟೈತಿ, ಮಂದಿ ಕೂಡಿ ಉಣ್ಣೂದು ಬಂದ್ ಆಗಬೇಕು ಅಂದ್ರು. ಮಂಡಲ ಪಂಚಾಯ್ತಿ ಪ್ರಧಾನ ನೋಡವ್ವಾ ಇಂವ, ಅವತ್ತ ಡಂಗುರ ಹೊಡಿಸಿದ. ಮದುವಿ ಇರಲಿ, ಸತ್ತವರ ದಿನಾ ಇರಲಿ, ಯಾರೂ ಊಟಾ ಹಾಕಂಗಿಲ್ಲ ಅಂತ. ಮಂದಿ ಎಲ್ಲಿ ಕೇಳತಾರ! ಅದಕ್ಕ ಊರಾಗಿನ ಕೊಪ್ಪರಿಗಿ, ದೊಡ್ಡ ಹಂಡೇವು ಎಲ್ಲಾ ತರಿಸಿ, ಓಣಿ ಕಡೆ ಬಾಗಿಲ ಇರೂ ನಮ್ಮ ಕೋಣ್ಯಾಗ ಇಟ್ಟು, ಆ ಹಳೇ ಕಬ್ಬಿಣದ ಕೀಲಿ ಜಡಿದ. ಭಾಂಡೇನ ಇಲ್ಲದಿದ್ರ ಹೆಂಗ ಅಡಿಗಿ ಮಾಡತಾರ ಅಂತ ಅವನ ವಿಚಾರ. “ಅವ್ವಾ, ನಿನ್ನ ಮಾರಿ ನೋಡಿ ಕೊಡತಾರ, ನೀನ ಕೇಳು” ಅಂದ. ನಾನೂ ಮನಿ ಮನಿ ತಿರಗಿ, ನಿಮ್ಮ ಭಾಂಡೆಕ್ಕ ನಾನು ಜವಾಬ್ದಾರಿ ಅಂತ ಹೇಳಿ ತಂದೆ. ಕೀಲಿಕೈ ನನ್ನ ಸೊಂಟದಾಗ ಸಿಗಿಸಿದ. ಖರೇ ಹೇಳತೇನಿ, ಅವತ್ತು ನನ್ನ ಮಗನ ಮ್ಯಾಲೆ ಭಾಳ ಹೆಮ್ಮಿ ಆತು.

ಬಾಜೂ ಮನಿ ಮುದುಕವ್ವನ ಮಗಳ ಮದುವಿ ಅದ ವಾರ ಇತ್ತು. ಆಕಿ ಗಂಡ ಇದ್ದಾಗ ಮಗಳ ಮದುವಿಗೆ ಅಂತನ ಮಾಡಿಸಿ, ತನ್ನ ಹೆಸರು ಕೆತ್ತಿಸಿ ಇಟ್ಟಿದ್ದ ತಾಮ್ರದ ಕೊಪ್ಪರಿಗಿ ನಿನಗ ಗೊತ್ತೈತಲ್ಲ? ಅದನ್ನ ತಾನ ಹೊತ್ತು ತಂದು ನನ್ನ ಮುಂದ ಇಳಿಸಿದ್ಲು. “ಜೀವಕ್ಕಿಂತ ಊಟ ದೊಡ್ಡದೇನ ಬಿಡ್ರಿ ಅಕ್ಕಾರ” ಅಂದ್ಲು. ಬೀಗರಿಗೆ ಸಕ್ಕರಿ, ಎಲಿ-ಅಡಿಕಿ ಕೊಟ್ಟು ಕೈ ಮುಗದ್ಲು. ಬಿಸಲಾಗ ಬಂದ ಗಂಡಿನ ಕಡ್ಯಾವರು ಬಾಯಿಗೆ ಬಂದಂಗ ಅಂದು ಹೋದ್ರು. ಈಗ ಆ ಹುಡುಗಿಗೆ ಅತ್ತಿ ಮನ್ಯಾಗ ಕುಂತ್ರೂ ನಿಂತ್ರೂ ಅದ ಮಾತು, ಉಪವಾಸ ಕಳಿಸಿದವರ ಮಗಳು ಅಂತ. ಮುದುಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತಾಳ, ನನಗ ಮಾತ್ರ ಒಂದು ಮಾತು ಅಂದಿಲ್ಲ.

ಇನ್ನ ನಮ್ಮ ಪ್ರಧಾನರ ಕತಿ ಕೇಳು. ಸೋಮವಾರ ಕೂಸಿನ್ನ ಇಲ್ಲಿ ಬರೇ ಐದು ಮಂದಿ ಮುತ್ತೈದೇರ ಕೈಲೆ ತೊಟ್ಟಲಕ್ಕ ಹಾಕತೀವಿ ಅಂತ ನಿನಗ ಹೇಳಿರಬೇಕು. ಚೊಚ್ಚಲ ಕೂಸಿನ ತೊಟ್ಟಲ ತವರಮನ್ಯಾಗ ಆಗಬೇಕು, ಅದನ್ನ ಬಿಟ್ಟು ಇಲ್ಲಿ ಯಾಕಂತ ನಿನಗರ ಸಂಶೆ ಬರಲಿಲ್ಲೇನ? ಧಾರವಾಡದಿಂದ ಪಕ್ಷದ ದೊಡ್ಡವರು ಬರಾಕತ್ತಾರ! ಹೊಲದಾಗ ಹಂದರ ಹಾಕಿಸ್ಯಾನ, ಸುತ್ತಿನ ಹಳ್ಳಿಗೆಲ್ಲಾ ಊಟಕ್ಕ ಹೇಳಿ ಕಳಿಸ್ಯಾನ. ಹೊಡಿಸಿದ ಡಂಗುರ ಏನಾತೋ ಮಾಲತೇಶಾ ಅಂದೆ. “ಅದು ಮಂದಿಗೆ ಅವ್ವಾ, ನಾವು ಸ್ವಚ್ಛ ಮಾಡಸತೀವಿ” ಅಂದ. ಮುದುಕವ್ವ ಏನು ಹೊಲಸು ಮಾಡಿಸತಿದ್ಲೇನು? ಮ್ಯಾಲೆ ಇದೊಂದು ಕೇಳು: “ಮುದುಕವ್ವನ ಕೊಪ್ಪರಿಗಿ ದೊಡ್ಡದೈತಿ, ಹುಗ್ಗಿ ಅದರಾಗ ಆಗಲಿ” ಅಂದ ನನ್ನ ಮಗ. ಎದ್ಯಾಗ ಬೆಂಕಿ ಇಟ್ಟಂಗಾತವ್ವಾ. ಹಡದ ಮಗನ ಮಾರಿ ನೋಡಾಕ ನಾಚಿಕಿ ಆತು. ನಿನ್ನೆ ಡಾಕಪ್ಪನ ಓಣ್ಯಾಗ ಮತ್ತೊಂದು ಹುಡುಗ ವಾಂತಿಭೇದಿಲೆ ಮಲಗೈತಿ, ಅದು ಕುಡದದ್ದೂ ಅದ ಕೆರಿ ನೀರು, ಇಲ್ಲಿ ಅಡಿಗಿಗೂ ಅದ ನೀರು. ನಮ್ಮ ಕೂಸಿನ ಹೆಸರಿಲೆ ಉಂಡವರು ಮಲಗಿದ್ರ ಆ ಪಾಪ ಯಾರ ಹಣಿಗೆ ಬರಿಯೂದು?

ನೀನು ಬರಬ್ಯಾಡ. ರವಿವಾರ ಜೀಪು ಬಂದ್ರ ಕೂಸಿಗೆ ನೆಗಡಿ ಅನ್ನು, ಅತ್ತಿ ಬ್ಯಾಡಂದ್ಲು ಅಂತ ಬೇಕಾದ್ರ ಅನ್ನು, ನಾನೇನು ಅಂಜೂದಿಲ್ಲ. ತವರಮನ್ಯಾಗ ನಿಮ್ಮಷ್ಟಕ್ಕ ನೀವು ತೊಟ್ಟಲಕ್ಕ ಹಾಕ್ರಿ, ನಿನಗ ಬೇಕಾದ ಹೆಸರು ಇಡು. ಕೂಸಿನ ಮಾರಿ ನೋಡೂ ಆಶಾ ನನಗೂ ಬೆಟ್ಟದಷ್ಟೈತಿ, ರಾತ್ರಿ ನಿದ್ದಿ ಹತ್ತವಲ್ದು, ಆದ್ರ ಈ ನೀರಿಗೆ ಅದನ್ನ ತರಬ್ಯಾಡ. ನಿಮ್ಮ ಅಪ್ಪ-ಅವ್ವಗ ನನ್ನ ನಮಸ್ಕಾರ ಹೇಳು. ನೀನೂ ಕೂಸೂ ತಣ್ಣಗಿರ್ರಿ, ನೂರು ವರ್ಷ ಬಾಳ್ರಿ.

ನಿನ್ನ ಅತ್ತಿ,
ಮಂಗಳವ್ವ

ತಾ.ಕ.: ರಾಣೆಬೆನ್ನೂರಿಗೆ ಬೀಜ ತರಾಕ ಹೊಂಟ ಯೂಸುಫಸಾಬ ಬಾಗಿಲದಾಗ ನಿಂತು ಲಗೂ ಮಾಡ್ರಿ ಅನ್ನಾಕತ್ತಾನ. ಅವನ ಕೈಯಾಗ ಕೂಸಿನ ತಲಿಗೆ ಕಟ್ಟಾಕ ಕುಂಚಗಿ ಕಳಿಸೇನಿ. ಅದನ್ನ ಬಿಚ್ಚಿ ನೋಡು, ಒಳಗ ಆ ಕೋಣಿ ಕೀಲಿಕೈ ಐತಿ. ಸೊಂಟದಿಂದ ಎಲ್ಲೋ ಬಿದ್ದೈತಿ ಅಂದೇನಿ, ಮುಂಜಾನಿಂದ ನಿನ್ನ ಗಂಡ ಮನಿ ತುಂಬ ಹುಡಕಾಕತ್ತಾನ, ಅವನ ಜೋಡಿ ನಾನೂ ಹುಡಕಾಕತ್ತೇನಿ. ಕೊಪ್ಪರಿಗಿ ಬೇಕಾದ್ರ ತಾ ಹಾಕಿದ ಕೀಲಿ ತಾನ ಒಡೀಲಿ, ಹಾಡಹಗಲ, ಓಣಿ ಮಂದಿ ಎದುರಿಗೆ. ಅವತ್ತು ಮುದುಕವ್ವನ ಕಟ್ಟಿ ಮ್ಯಾಲೆ ಆಕಿ ಜೋಡಿ ನಾನೂ ಕುಂತಿರತೇನಿ. ಕೂಸಿನ ತಲಿದಿಂಬಿನ ಕೆಳಗ ಕಬ್ಬಿಣದ್ದೇನರ ಇಡಬೇಕಲ್ಲ, ಇದನ್ನ ಇಡು. ಯಾರರ ಕೇಳಿದ್ರ ದೃಷ್ಟಿ ಆಗಬಾರದಂತ ಅಜ್ಜಿ ಕಳಿಸ್ಯಾಳ ಅನ್ನು.