ಕೆಳಗಿನ ಬೋಲ್ಟಿನ ಹಳದಿ ಗೆರೆ

ಟ್ರೈನಿ ಹಾಸ್ಟೆಲ್, ರೂಮ್ ನಂ. ೯
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಜ್ಜಿ,

ಹೇಗಿದ್ದೀಯ? ಇಪ್ಪತ್ತೆರಡು ವರ್ಷದವಳನ್ನು ಅಜ್ಜಿ ಎಂದು ಕರೆಯುವವರು ಅಲ್ಲಿ ಯಾರೂ ಇರಲಿಕ್ಕಿಲ್ಲ. ಟ್ರೈನಿಂಗಿನ ಮೊದಲ ವಾರವೇ ಸರ್ ನಮ್ಮಿಬ್ಬರಿಗೂ ಹೆಸರಿಟ್ಟಿದ್ದರಲ್ಲ: ಒಂದು ನಟ್ಟನ್ನು ನಾಲ್ಕು ಸಲ ಒರೆಸಿ ನೋಡುವ ನೀನು ಅಜ್ಜಿ, ಹೇಳಿ ಮುಗಿಸುವ ಮೊದಲೇ ಮಾಡಿ ಮುಗಿಸುವ ನಾನು ಗಡಿಬಿಡಿ. "ಇವೆರಡನ್ನೂ ಒಟ್ಟಿಗೆ ಹಾಕಿದ್ರೆ ಒಂದು ಸರಿಯಾದ ಎಂಜಿನಿಯರ್ ಆಗತ್ತೆ" ಎಂದು ಜೋಡಿ ಮಾಡಿದ್ದೂ ಅವರೇ. ಹಾಗೆ ಮಾಡದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗ ಅನಿಸುತ್ತದೆ.

ನಿನ್ನ ನಾಲ್ಕು ಪತ್ರಗಳೂ ತಲುಪಿವೆ. ಉತ್ತರ ಬರೆಯದಿದ್ದಕ್ಕೆ ಪರೀಕ್ಷೆ, ಜ್ವರ, ಪ್ರಾಜೆಕ್ಟ್ ಎಂದು ಮೂರು ನೆಪ ಹುಡುಕಿಟ್ಟುಕೊಂಡಿದ್ದೆ. ಮೂರೂ ಸುಳ್ಳು. ನಾಲ್ಕು ಪತ್ರದಲ್ಲೂ ನೀನು ಕೇಳಿರುವುದು ಒಂದೇ ಮಾತು: "ಆವತ್ತು ನಾನು 'ಆಯ್ತು' ಅಂದಿದ್ನಾ? ನಂಗೆ ನೆನಪೇ ಆಗ್ತಿಲ್ಲ ಕಣೇ. ಪಕ್ಕದಲ್ಲಿದ್ದವಳು ನೀನೊಬ್ಬಳೇ. ಇನ್ನೊಂದ್ಸಲ ಯೋಚಿಸಿ ಹೇಳು." ಅದಕ್ಕೆ ಬರುತ್ತೇನೆ. ಸ್ವಲ್ಪ ತಾಳಿಕೋ.

ಮೊದಲು ಇಲ್ಲಿಯ ಸುದ್ದಿ. ನಿನ್ನ ಮಂಚಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ಒಳ್ಳೆಯ ಹುಡುಗಿ, ಆದರೆ ಬಾಯಿಗೆ ಬೀಗವಿಲ್ಲ. ಕಪಾಟಿನ ಬಾಗಿಲಿಗೆ ನೀನು ಅಂಟಿಸಿದ್ದ ಗೇರ್‌ಬಾಕ್ಸಿನ ಚಿತ್ರವನ್ನು ಕಿತ್ತು ಕನ್ನಡಿ ಹಾಕಲು ಹೋದಳು. ನಾನು ಅವಳ ಮೇಲೆ ಎಗರಾಡಿಬಿಟ್ಟೆ. ಪಾಪ, ಅವಳಿಗೇನು ಗೊತ್ತು? ಆಮೇಲೆ ನಾನೇ ಹೋಗಿ ಟೀ ತಂದುಕೊಟ್ಟೆ. ಚಿತ್ರ ಮಾತ್ರ ಅಲ್ಲೇ ಇದೆ.

ನನ್ನ ಕೆಲಸ ಖಾಯಂ ಆಯಿತು. ಬ್ರೇಕ್ ವಿಭಾಗದಲ್ಲಿ. ಹೌದು, ಕಿಟಕಿ ಪಕ್ಕದ ಅದೇ ಮೇಜು, ಊಟದ ಬಿಡುವಿನಲ್ಲಿ ನೀನು ಹೋಗಿ ಕುಳಿತು "ಇದು ನಂದು, ಬರೆದಿಟ್ಕೋ" ಎನ್ನುತ್ತಿದ್ದೆಯಲ್ಲ, ಅದೇ. ಸುದ್ದಿ ಕೇಳಿ ಅಪ್ಪ ಫೋನಿನಲ್ಲೇ ಅತ್ತರು. ನಾನು ಅಳಲಿಲ್ಲ, ನಗಲೂ ಇಲ್ಲ. ಆ ಕುರ್ಚಿಯಲ್ಲಿ ಕುಳಿತರೆ ಮುಳ್ಳಿನ ಮೇಲೆ ಕುಳಿತಂತಾಗುತ್ತದೆ.

ನಿನ್ನೆ ಹೊಸ ಬ್ಯಾಚಿಗೆ ಪಾಠ ಮಾಡಲು ಸರ್ ನನ್ನನ್ನೇ ಕಳಿಸಿದರು. ಯಾವ ಪಾಠ ಗೊತ್ತೇ? ಬೋಲ್ಟು ಬಿಗಿಯುವುದು. ಒಂದು ಜೋಡಿಯನ್ನು ಮುಂದೆ ನಿಲ್ಲಿಸಿ ಹೇಳಿಕೊಟ್ಟೆ: ಒಬ್ಬರು ಟಾರ್ಕ್ ರೆಂಚ್ ಹಿಡಿದು ಬಿಗಿಯಬೇಕು, ಅಳತೆಗೆ ಸರಿಯಾಗಿ ಬಿಗಿದಾಗ ರೆಂಚು ಟಕ್ ಎನ್ನುತ್ತದೆ, ಆಗ ಬಿಗಿದವರು ಜೋರಾಗಿ "ಆಯ್ತು" ಎನ್ನಬೇಕು, ಆ ಮಾತು ಕೇಳಿದ ಮೇಲಷ್ಟೇ ಜೊತೆಗಾರರು ಬೋಲ್ಟಿನ ಮೇಲೆ ಹಳದಿ ಗೆರೆ ಎಳೆಯಬೇಕು. ಗೆರೆ ಎಳೆದ ಬೋಲ್ಟನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ನನ್ನ ಹೊಸ ರೂಮ್‌ಮೇಟ್ ಮಾತ್ರ ಕೈಯೆತ್ತಿದಳು.

"ಟಕ್ ಅಂತ ಇಬ್ರಿಗೂ ಕೇಳ್ಸತ್ತಲ್ಲ ಮೇಡಮ್, ಮತ್ತೆ ಬಾಯಲ್ಲಿ ಬೇರೆ ಯಾಕ್ ಹೇಳ್ಬೇಕು?"

"ನಿಯಮ ಇರೋದೇ ಹಾಗೆ" ಎಂದು ಗದರಿ ಕೂರಿಸಿದೆ. ಸರ್ ನನ್ನನ್ನು ವಿಚಿತ್ರವಾಗಿ ನೋಡಿದರು.

ಅವಳಿಗೆ ಉತ್ತರ ಗೋಡೆಯ ಮೇಲೇ ಇದೆ ಎಂದುಕೊಂಡರೇನೋ. ಟ್ರೈನಿಂಗ್ ಹಾಲಿನಲ್ಲಿ ಈಗ ಒಂದು ದೊಡ್ಡ ಫಲಕ ಹಾಕಿದ್ದಾರೆ, ಗೋಡೆಗೆ ಗುದ್ದಿ ಮುಂಭಾಗ ನುಜ್ಜುಗುಜ್ಜಾದ ನಮ್ಮ ಗಾಡಿಯ ಫೋಟೋ ಸಮೇತ. ಕೆಳಗೆ ಬರೆದಿದೆ: "ಎಡ ಮುಂಚಕ್ರ, ಬ್ರೇಕಿನ ಕೆಳಗಿನ ಬೋಲ್ಟು. ಟ್ರೈನಿ ಬಿಗಿಯದೆಯೇ 'ಆಯ್ತು' ಎಂದಳು." ಹೆಸರಿಲ್ಲ. ಆದರೆ ಯಾರೆಂದು ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ? ದಿನಕ್ಕೆ ಆರು ಸಲ ಅದರ ಮುಂದೆ ಓಡಾಡುತ್ತೇನೆ. ಕತ್ತು ಬಗ್ಗಿಸಿಕೊಂಡು ನಡೆಯುವುದು ಅಭ್ಯಾಸವಾಗಿಬಿಟ್ಟಿದೆ.

ಕಳೆದ ಭಾನುವಾರ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಆ ಗಾಡಿ ಓಡಿಸುತ್ತಿದ್ದ ಟೆಸ್ಟ್ ಡ್ರೈವರನ್ನು ನಾವೆಲ್ಲ ದೊಡ್ಡಪ್ಪ ಎಂದು ಕರೆದೂ ಕರೆದೂ ಅವರ ನಿಜವಾದ ಹೆಸರು ಆಸ್ಪತ್ರೆಯ ಚೀಟಿ ನೋಡಿದ ಮೇಲೇ ನನಗೆ ತಿಳಿದಿದ್ದು. ಎರಡೂ ಕಾಲು ಇನ್ನು ಬರುವುದಿಲ್ಲವೆಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಹೊಸ್ತಿಲು ದಾಟಲೆಂದು ಗಾಲಿಕುರ್ಚಿಗೆ ಹಲಗೆ ಹಾಕಿಸಿದ್ದಾರೆ. ಅವರ ಬೂಟು ಮಾತ್ರ ಬಾಗಿಲ ಪಕ್ಕ ಇನ್ನೂ ಪಾಲಿಶ್ ಮಾಡಿಟ್ಟಂತೇ ಇದೆ. ಯಾರು ಪಾಲಿಶ್ ಮಾಡುತ್ತಾರೆಂದು ನಾನು ಕೇಳಲಿಲ್ಲ.

"ಗಾಡಿ ಲಿಫ್ಟ್ ಮೇಲಿದ್ದಾಗ್ಲೇ ಕೆಳಗೆ ನಿಂತು ಒಂದೊಂದೇ ನೋಡಿದ್ದೆ ಮಗಳೇ" ಎಂದರು. "ಎಲ್ಲದಕ್ಕೂ ಹಳದಿ ಗೆರೆ ಇತ್ತು. ಗೆರೆ ಇದ್ಮೇಲೆ ನಾನು ಇನ್ನೇನ್ ನೋಡ್ಬೇಕಿತ್ತು, ನೀನೇ ಹೇಳು."

ಕೈಯಲ್ಲಿದ್ದ ಲೋಟವನ್ನು ಒಳಗಿಟ್ಟು ಬಂದೆ. ಆಗ ಅವರೇ ನಿನ್ನನ್ನು ವಿಚಾರಿಸಿದರು. "ಆ ನಿಧಾನದ ಹುಡುಗಿ ಹೇಗಿದಾಳೆ? ಅವಳನ್ನ ಯಾರೂ ಬಯ್ಬೇಡಿ. ನನ್ನ ಗಾಡಿಗೆ ಅವಳು ಕೈ ಹಾಕಿದ್ದಾಳೆ ಅಂದ್ರೆ ನಂಗೆ ಧೈರ್ಯ ಇರ್ತಿತ್ತು. ಅವಳಿಗೆ ಹೇಳು, ದೊಡ್ಡಪ್ಪಂಗೆ ಸಿಟ್ಟಿಲ್ಲ ಅಂತ." ಹೇಳಿದ್ದೇನೆ, ನೋಡು.

ನಿಮ್ಮಮ್ಮ ಫೋನ್ ಮಾಡಿದ್ದರು, ನಿನಗೆ ಗೊತ್ತಿಲ್ಲದೆ. ನೀನು ರೆಂಚು ಸ್ಪ್ಯಾನರು ಇರಲಿ, ಸ್ಕ್ರೂಡ್ರೈವರನ್ನೂ ಮುಟ್ಟುತ್ತಿಲ್ಲವಂತೆ. ಮಾವನ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಡುತ್ತೀಯಂತೆ. ಮನೆಯಿಂದ ಹೊರಡುವಾಗ ಗ್ಯಾಸಿನ ಗುಂಡಿ ನೋಡಿ, ಬೀದಿಯ ತಿರುವಿನವರೆಗೂ ಹೋಗಿ, ಮತ್ತೆ ವಾಪಸ್ ಬಂದು ನೋಡುತ್ತೀಯಂತೆ. "ಒಂದ್ಸಲ ಅಲ್ಲ ಮಗಾ, ಐದ್ಸಲ. ನನ್ನ ಮಗಳ ತಲೆಗೆ ಏನಾದ್ರೂ ಆಗ್ಬಿಡತ್ತಾ?" ಎಂದು ಅತ್ತರು. ಇಷ್ಟು ದಿನ ಬರೆಯದವಳು ಇವತ್ತು ಬರೆಯಲು ಕುಳಿತಿದ್ದು ಆ ಫೋನಿನಿಂದಲೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಬಿಟ್ಟುಹೋದ ಡ್ರಾಯಿಂಗ್ ಪುಸ್ತಕ ನನ್ನ ಹತ್ತಿರ ಭದ್ರವಾಗಿದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಎಲ್ಲಾ ಒಳ್ಳೆಯದಾಗಲಿ. ಹಾಗೆ ಹಾರೈಸುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆದರೂ ಆಗಲಿ.

ಇಂತಿ ನಿನ್ನ,
ಗಡಿಬಿಡಿ

ತಾ.ಕ.: ನೀನು "ಆಯ್ತು" ಅನ್ನಲಿಲ್ಲ.

ನೀನು ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ರೆಂಚು ಎತ್ತಿಕೊಂಡಿದ್ದೆ ಅಷ್ಟೆ. ಆಗ ಆಫೀಸಿನವರು ಬಾಗಿಲಲ್ಲಿ ನಿಂತು ನಿಮ್ಮಮ್ಮನ ಫೋನ್ ಬಂದಿದೆ ಎಂದರು. ನೀನು ರೆಂಚು ಕೆಳಗಿಟ್ಟು ಹೋದೆ. ನಾನು ಬೆನ್ನು ತಿರುಗಿಸಿ ಗಾಡಿಯ ಕೆಲಸದ ಕಾರ್ಡು ತುಂಬಿಸುತ್ತಿದ್ದೆ. ಟಕ್ ಎಂದು ಕೇಳಿಸಿತು. ಅದು ಪಕ್ಕದ ಗಾಡಿಯ ಜೋಡಿಯ ರೆಂಚು. ನಾನು ನಿನ್ನ ಮುಖ ನೋಡಲಿಲ್ಲ, ನಿನ್ನ ಮಾತಿಗೆ ಕಾಯಲಿಲ್ಲ. ಹಾಗೇ ತಿರುಗಿ ಗೆರೆ ಎಳೆದುಬಿಟ್ಟೆ. ತಲೆ ಎತ್ತಿದಾಗ ನೀನು ಅಲ್ಲಿರಲಿಲ್ಲ. ಟಕ್ ಎಂದ ಮೇಲೆ ಎದ್ದು ಹೋಗಿರುತ್ತೀಯ ಎಂದುಕೊಂಡೆ. ವಾಪಸ್ ಬಂದ ನೀನು ಗೆರೆ ನೋಡಿ ಬಿಗಿದಾಗಿದೆ ಎಂದುಕೊಂಡು ಮುಂದಿನ ಚಕ್ರಕ್ಕೆ ಹೋದೆ. ಗೆರೆ ಇಲ್ಲದಿದ್ದರೆ ನೀನು ಅದನ್ನು ಬಿಗಿಯದೆ ಬಿಡುತ್ತಿದ್ದೆಯಾ? ನೀನಾ?

ಗಾಡಿ ಗುದ್ದಿದ ದಿನ ಸಂಜೆಯೇ ನನಗೆ ಇದೆಲ್ಲ ಹೊಳೆದಿತ್ತು. ವಿಚಾರಣೆಗೆ ಕುಳಿತಿದ್ದ ಮೂವರು ಅಧಿಕಾರಿಗಳೂ ನನ್ನನ್ನು ಕೇಳಿದರು, "ಅವಳು 'ಆಯ್ತು' ಅಂದಳಾ?" ನಾನು "ಅಂದ್ಲು ಸರ್" ಎಂದೆ. ನೀನು ನನ್ನ ಕಡೆ ತಿರುಗಿ ನೋಡಿದೆ. ಸಿಟ್ಟಿನಿಂದಲ್ಲ. ನೆನಪು ಮಾಡಿಕೊಳ್ಳುವವಳಂತೆ ನೋಡಿ, ಅವರಿಗೆ ಹೇಳಿದೆ: "ಹಾಗಾದ್ರೆ ಅಂದಿರ್ಬೇಕು ಸರ್. ಅವಳು ಸುಳ್ಳು ಹೇಳಲ್ಲ."

ಈ ಪತ್ರದ ಒಂದು ಪ್ರತಿಯನ್ನು ನಾಳೆ ಸರ್ ಮೇಜಿನ ಮೇಲಿಡುತ್ತೇನೆ ಎಂದು ಬರೆದು, ಹೊಡೆದುಹಾಕಿದ್ದೇನೆ. ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತು. ಅದಕ್ಕೇ ಇದು ನಿನ್ನ ಕೈಯಲ್ಲಿರಲಿ. ಪ್ರತಿ ಹಾಳೆಯ ಕೆಳಗೂ ನನ್ನ ಟ್ರೈನಿ ನಂಬರ್ ಬರೆದು ಸಹಿ ಹಾಕಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸು.

ಗ್ಯಾಸಿನ ಗುಂಡಿ ಒಂದು ಸಲ ನೋಡಿದರೆ ಸಾಕು ಕಣೇ. ಆರಿಸಿದ್ದೀಯ ಎಂದು ನಿನಗೆ ಅನಿಸಿದರೆ ಆರಿಸಿರುತ್ತೀಯ.